ಬಿದ್ದವರನ್ನು ಎಬ್ಬಿಸುವ ಹತ್ತು ಸೆಕೆಂಡು

ನನ್ನ ಹೊಟ್ಟೆಕಿಚ್ಚಿಗೆ ಒಂದು ಗೊತ್ತಾದ ಹೊತ್ತಿತ್ತು. ಸಂಜೆ ಐದೂವರೆ. ಅವ್ವ ಅಂಗನವಾಡಿಯಿಂದ ಬಂದು, ಚೀಲವನ್ನು ಬಾಗಿಲ ಹಿಂದಿನ ಮೊಳೆಗೆ ಹಾಕಿ, ಮುಖ ತೊಳೆದು ಚಹಾಕ್ಕೆ ನೀರಿಡುವಷ್ಟರಲ್ಲಿ ಅವಳ ಫೋನು ಅಡುಗೆಮನೆಯ ಗೋಡೆಯ ಮಾಡಕ್ಕೆ ಬರುತ್ತಿತ್ತು. ರೊಟ್ಟಿ ಬಡಿದು ಮುಗಿಯುವ ತನಕ, ಅಂದರೆ ಹೆಚ್ಚುಕಡಿಮೆ ಏಳರ ತನಕ, ಅವಳಿಗೆ ಅದು ಬೇಕಾಗುತ್ತಿರಲಿಲ್ಲ. ಆ ಒಂದೂವರೆ ತಾಸು ನನ್ನದು. ನನ್ನೊಬ್ಬಳದೇ ಎಂದು ಎಂಟನೆಯ ಇಯತ್ತೆಯ ಜೂನ್ ತಿಂಗಳವರೆಗೆ ನಾನು ನಂಬಿದ್ದೆ.

ಕಲಬುರಗಿಯ ಗಾಜಿಪುರದ ನಮ್ಮ ಮನೆಯಲ್ಲಿ ಪಡಸಾಲೆ, ಅಡುಗೆಮನೆ, ನಡುವೆ ಒಂದು ಕತ್ತಲೆ ಕೋಣೆ. ಅಷ್ಟೇ. ನೆಲಕ್ಕೆ ಶಹಾಬಾದಿ ಕಲ್ಲು. ಬೇಸಿಗೆಯಲ್ಲಿ ಅದಕ್ಕೆ ನೀರು ಚಿಮುಕಿಸಿ ಬರಿ ನೆಲದ ಮೇಲೆ ಮಲಗುತ್ತಿದ್ದೆವು. ಪಡಸಾಲೆಯ ಗೋಡೆಯ ಮೇಲೆ ಬುದ್ಧನ ಫೋಟೊ, ಅದರ ಕೆಳಗೆ ಅಪ್ಪನ ಕಬ್ಬಿಣದ ಮಂಚ. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಷ್ಟು ತೊಳೆದರೂ ಅವನ ಉಗುರ ಸಂದಿಯ ಕಪ್ಪು ಹೋಗುತ್ತಿರಲಿಲ್ಲ, ಆ ಕೈಯಿಂದ ಅವನು ರೊಟ್ಟಿಗೆ ಶೇಂಗಾ ಹಿಂಡಿ ಕಲಸಿಕೊಟ್ಟರೆ ಮಾತ್ರ ನನಗೆ ರುಚಿ. ಮನೆಯ ಗೋಡೆಗಳು ಹಳೆಯ ಕಲ್ಲಿನವು, ಮೊಳದಷ್ಟು ದಪ್ಪ. ಒಳಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಸಿಗುತ್ತಿದ್ದದ್ದು ಮುಂಬಾಗಿಲ ಕಟ್ಟೆಯ ಮೇಲೆ ಮಾತ್ರ, ಅದೂ ಎರಡು ಜನ ಕೂರುವಷ್ಟು ಅಗಲದ ಕಟ್ಟೆ. ಮೂರನೆಯವರು ಹೊಸ್ತಿಲೊಳಗೆ ನಿಂತು ಭುಜದ ಮೇಲಿಂದ ಇಣುಕಬೇಕು. ಆಮೇಲೆ ನಡೆದ ಎಲ್ಲ ಅನಾಹುತಕ್ಕೂ ಆ ಕಟ್ಟೆಯ ಅಗಲವೇ ಕಾರಣ ಎಂದು ನಾನು ಬಹಳ ದಿನ ಹೇಳಿಕೊಂಡು ತಿರುಗಿದ್ದೇನೆ. ಕಟ್ಟೆ ಎದುರು ಮಾತಾಡುವುದಿಲ್ಲವಲ್ಲ.

ಆ ಕಟ್ಟೆಯ ಮೇಲೆ ನನ್ನ ಅಣ್ಣ ಮಿಲಿಂದನೂ ನಾನೂ ಕೂತು ಯುದ್ಧದ ಆಟ ಆಡುತ್ತಿದ್ದೆವು. ಅವನು ತನ್ನ ಫೋನಿನಲ್ಲಿ, ನಾನು ಅವ್ವನ ಫೋನಿನಲ್ಲಿ. ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು: ನೂರು ಜನ ಒಂದು ವಿಮಾನದಿಂದ ದ್ವೀಪವೊಂದಕ್ಕೆ ಬರಿಗೈಯಲ್ಲಿ ಹಾರುತ್ತಾರೆ. ಖಾಲಿ ಬಿದ್ದ ಮನೆಗಳನ್ನು ಹೊಕ್ಕು ಬಂದೂಕು, ಹೆಲ್ಮೆಟ್ಟು, ಔಷಧದ ಡಬ್ಬಿ ಹುಡುಕಿಕೊಂಡು ಒಬ್ಬರನ್ನೊಬ್ಬರು ಹೊಡೆಯುತ್ತಾರೆ. ಕೊನೆಗೆ ಉಳಿದ ತಂಡ ಗೆದ್ದಂತೆ. ಆಡಲು ಪುಕ್ಕಟೆ. ಬೆಲೆ ಇರುವುದು ಬಟ್ಟೆಗೆ ಮಾತ್ರ. ಹೊಸಬರು ಬನಿಯನ್ನು ಚಡ್ಡಿಯಲ್ಲಿ, ಬರಿಗಾಲಲ್ಲಿ ಯುದ್ಧಕ್ಕಿಳಿಯುತ್ತಾರೆ. ಉಳ್ಳವರು ಬಂಗಾರದ ಕೋಟು ಹಾಕಿಕೊಂಡು ಬರುತ್ತಾರೆ. ನಮ್ಮಂಥವರು ತಿಂಗಳುಗಟ್ಟಲೆ ಆಡಿ ಇನಾಮಿಗೆ ಬಂದ ಜಾಕೀಟನ್ನೇ ಮದುವೆಯ ಸೀರೆಯ ಹಾಗೆ ಜೋಪಾನ ಮಾಡುತ್ತೇವೆ. ಸತ್ತರೂ ಬಟ್ಟೆ ಮಾತ್ರ ಹೋಗುವುದಿಲ್ಲ.

ಆಟದೊಳಗೆ ಯಾರೂ ಬರೆದಿಡದ ಕಟ್ಟಳೆಗಳಿದ್ದವು. ಅಣ್ಣ ಅವನ್ನು ಗಾಜಿಪುರದ ಕಾನೂನು ಎನ್ನುತ್ತಿದ್ದ. ಜೊತೆಯವರು ಹೊಕ್ಕ ಮನೆಗೆ ನೀನು ಕೈ ಹಾಕಬಾರದು. ಔಷಧದ ಡಬ್ಬಿ ಎರಡಿದ್ದರೆ ಒಂದನ್ನು ನೆಲಕ್ಕಿಟ್ಟು ಇಲ್ಲದವರನ್ನು ಕೂಗಬೇಕು. ಆಟದ ನಡುವೆ ಜೊತೆಗಾರರನ್ನು ಬಿಟ್ಟು ಎದ್ದು ಹೋಗುವುದಂತೂ ಮುಖ ಎತ್ತಿ ತಿರುಗಲಾಗದಂಥ ಅವಮಾನ. ಎಲ್ಲಕ್ಕಿಂತ ದೊಡ್ಡದು ಬಿದ್ದವರನ್ನು ಎಬ್ಬಿಸುವುದು. ಗುಂಡು ತಗುಲಿದವರು ಒಮ್ಮೆಲೇ ಸಾಯುವುದಿಲ್ಲ. ಮೊಣಕಾಲೂರಿ ತೆವಳುತ್ತಾರೆ, ರಕ್ತ ಇಳಿಯುತ್ತಿರುತ್ತದೆ. ಜೊತೆಗಾರ ಹತ್ತಿರ ಬಂದು ಕೂತು ಪರದೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದರೆ ಒಂದು ಬಿಳಿಯ ಉಂಗುರ ತುಂಬತೊಡಗುತ್ತದೆ. ಅದು ತುಂಬಲು ಹತ್ತು ಸೆಕೆಂಡು. ನಡುವೆ ಬೆರಳು ತೆಗೆದರೆ ಮತ್ತೆ ಮೊದಲಿನಿಂದ. ಆ ಹತ್ತು ಸೆಕೆಂಡು ಇಬ್ಬರೂ ಗುಂಡು ಹಾರಿಸುವ ಹಾಗಿಲ್ಲ, ಓಡುವ ಹಾಗಿಲ್ಲ. ಮೊದಲ ಸಲ ನಾನು ದೂರದಲ್ಲೇ ನಿಂತು ಗುಂಡಿಗಳನ್ನೆಲ್ಲ ಒತ್ತಿದಾಗ ಅಣ್ಣ ನಕ್ಕಿದ್ದ.

“ಏ ಪದ್ದಿ, ದೂರ ನಿಂತು ಎಬ್ಬಸಾಕ ಬರಂಗಿಲ್ಲ. ಬಾಜೂಕ ಬಂದು ಕುಂದ್ರಬೇಕು.”

ನನ್ನ ಹೆಸರು ಪದ್ಮಾ. ಮನೆಯಲ್ಲಿ ಪದ್ದಿ. ಅವ್ವನ ಫೋನಿನೊಳಗಿನ ಆಟದಲ್ಲಿ ನನಗೆ ಅಣ್ಣ ಇಟ್ಟ ಹೆಸರು ಗಾಜಿಪದ್ದಿ; ಅವನ ಗೆಳೆಯರ ಗುಂಪಿನವರೆಲ್ಲ ಹೆಸರಿನ ಮುಂದೆ ಗಾಜಿ ಹಾಕಿಕೊಳ್ಳುತ್ತಿದ್ದರು. ನಾನು ಚೆನ್ನಾಗಿ ಆಡುತ್ತಿರಲಿಲ್ಲ. ಬಯಲಲ್ಲಿ ಓಡುತ್ತಿದ್ದೆ, ಬೀಳುತ್ತಿದ್ದೆ. ಆದರೆ ಬಿದ್ದಾಗೆಲ್ಲ ಅಣ್ಣ ಬರುತ್ತಿದ್ದ. ಖರೆ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಅಷ್ಟೇ. ಕಾಲೇಜು ಸೇರಿದ ಮೇಲೆ ಮನೆಯಲ್ಲಿ ನನ್ನೊಂದಿಗೆ ನಾಲ್ಕು ಮಾತಾಡದ ಅಣ್ಣ, ಆ ದ್ವೀಪದಲ್ಲಿ ಮಾತ್ರ ಎಲ್ಲ ಬಿಟ್ಟು ನನ್ನ ಕಡೆ ಓಡಿ ಬರುತ್ತಿದ್ದ.

ಆ ಜೂನ್‌ನಲ್ಲಿ ಸುಜಾತಾ ಬಂದಳು. ಅಪ್ಪನ ತಮ್ಮ, ನಮ್ಮ ಕಾಕಾ, ಕಮಲಾಪುರದಲ್ಲಿ ಬಾಳೆ ಬೆಳೆಯುತ್ತಿದ್ದ. ಅವನ ಒಬ್ಬಳೇ ಮಗಳು. ನನ್ನದೇ ವಯಸ್ಸು. ಎರಡು ವರ್ಷ ಹಟ ಹಿಡಿದು, ಅತ್ತು, ಕಲಬುರಗಿಯ ಹೈಸ್ಕೂಲಿಗೆ ಹೆಸರು ಹಚ್ಚಿಸಿಕೊಂಡಿದ್ದಳು. ನಮ್ಮ ಶಾಲೆಯಲ್ಲಿ ಪ್ರಯೋಗಾಲಯವಿದೆ, ಅದರಲ್ಲಿ ಮನುಷ್ಯನ ಅಸ್ಥಿಪಂಜರ ತೂಗುಹಾಕಿದ್ದಾರೆ ಎಂದು ಅವಳಿಗೆ ಯಾರೋ ಹೇಳಿದ್ದರು. ಆ ಅಸ್ಥಿಪಂಜರಕ್ಕಾಗಿ ಬಂದವಳು ಅವಳು. ಡಾಕ್ಟರಾಗುತ್ತೇನೆ ಎಂದು ಎಲ್ಲರೂ ಹೇಳುತ್ತಾರೆ. ಇವಳು ಹೇಳುತ್ತಿರಲಿಲ್ಲ, ಮಲಗುವಾಗ ನನ್ನ ಮುಂಗೈ ಹಿಡಿದು ಒಂದೊಂದೇ ಎಲುಬು ಒತ್ತಿ ಹೆಸರು ಹೇಳುತ್ತಿದ್ದಳು. ನಾನು ಕೈ ಕೊಸರಿಕೊಳ್ಳುತ್ತಿದ್ದೆ.

ಬರುವಾಗ ಒಂದು ಟ್ರಂಕು, ಒಂದು ಗೊನೆ ಕೆಂಪು ಬಾಳೆಹಣ್ಣು ತಂದಿದ್ದಳು. ಕಮಲಾಪುರದ ಕೆಂಪು ಬಾಳೆ ಅಂದರೆ ಅಪ್ಪನಿಗೆ ಪ್ರಾಣ. ಅವತ್ತು ಅವನು ಅವಳಿಗೂ ತನ್ನ ಕೈಯಿಂದ ಹಿಂಡಿ ಕಲಸಿ ಕೊಟ್ಟ. ಆ ಗಳಿಗೆಯಿಂದಲೇ ನನಗೆ ಶುರುವಾಯಿತು. ಅವ್ವ ಮೊದಲು ಯಾರ ಜಡೆ ಹಾಕಿದಳು, ಯಾರ ತಾಟಿಗೆ ಮೊದಲ ರೊಟ್ಟಿ ಬಿತ್ತು, ಕೂಲರಿನ ಎದುರು ಯಾರ ಹಾಸಿಗೆ, ಎಲ್ಲ ಲೆಕ್ಕ ಇಟ್ಟೆ. ಹುಣ್ಣಿಮೆಯ ದಿನ ನಮ್ಮ ಮನೆಯಲ್ಲಿ ಎಲ್ಲರೂ ಬಿಳಿ ಬಟ್ಟೆ ಉಟ್ಟು, ಬುದ್ಧನ ಫೋಟೊದ ಮುಂದೆ ಮೇಣದಬತ್ತಿ ಹಚ್ಚಿ ವಂದನೆ ಹೇಳುವ ರೂಢಿ. ನಾನು ವರ್ಷಗಟ್ಟಲೆ ಬರಿ ತುಟಿ ಆಡಿಸಿ ದಾಟಿಕೊಂಡಿದ್ದೆ. ಸುಜಾತಾ ಮೊದಲಿಂದ ಕಡೆಯ ತನಕ ಒಂದು ಅಕ್ಷರ ತಪ್ಪದೆ ಹೇಳಿದಳು. ಅಪ್ಪ ಕಣ್ಣು ತೆರೆದು ನನ್ನ ಕಡೆ ನೋಡಿದ.

“ನೋಡು ಪದ್ದಿ, ಹಿಂಗ ಹೇಳಬೇಕು.”

ಅವತ್ತಿನ ಖೀರು ನನ್ನ ಗಂಟಲಲ್ಲಿ ಇಳಿಯಲಿಲ್ಲ. ಲೋಟ ಪೂರ್ತಿ ಕುಡಿದೆ, ಅದು ಬೇರೆ ಮಾತು.

ಕಟ್ಟೆ ಮಾತ್ರ ನನ್ನದಾಗಿ ಉಳಿದಿತ್ತು. ಅವಳು ಹೊಸ್ತಿಲೊಳಗೆ ನಿಂತು ನೋಡುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಹದಿನೈದು ದಿನ ಹೀಗೇ ನಡೆಯಿತು. ಒಂದು ಸಂಜೆ ನಾನೂ ಅಣ್ಣನೂ ಒಂದು ಮನೆಯೊಳಗೆ ಅಡಗಿದ್ದೆವು. ಹಿಂದಿನಿಂದ ಅವಳು ಮೆಲ್ಲಗೆ ಅಂದಳು:

“ಅಣ್ಣಾ, ಎಡಗಡಿ ಮೆಟ್ಟಿಲ ಮ್ಯಾಲ ಇಬ್ರು ಬರಾಕತ್ತಾರ. ಒಬ್ಬಾಂವ ನಿಂತಾನ, ಒಬ್ಬಾಂವ ಏರಾಕತ್ತಾನ.”

ಅಣ್ಣ ಎಡಕ್ಕೆ ತಿರುಗಿ ಗುಂಡು ಹಾರಿಸಿದ. ಇಬ್ಬರೂ ಬಿದ್ದರು. ಆಟದಲ್ಲಿ ಹೆಜ್ಜೆಯ ಸಪ್ಪಳ ಕೇಳಿಸುತ್ತದೆ ಎಂಬುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬಾಳೆ ತೋಟದಲ್ಲಿ ಹಂದಿ ಹೊಕ್ಕರೆ ಯಾವ ಸಾಲಿನಲ್ಲಿ ಹೊಕ್ಕಿದೆ ಎಂದು ಎಲೆಯ ಸಪ್ಪಳದ ಮೇಲೆ ಹೇಳುವ ಕಿವಿ ಅವಳದು. ಅಣ್ಣ ಅವಳನ್ನು ತಿರುಗಿ ನೋಡಿದ ರೀತಿ ಇವತ್ತಿಗೂ ನನ್ನ ಕಣ್ಣಿನಲ್ಲಿದೆ. ನನ್ನನ್ನು ಅವನು ಹಾಗೆ ಒಮ್ಮೆಯೂ ನೋಡಿರಲಿಲ್ಲ.

ಮರುದಿನ ಹೊಸ ಕಾನೂನು ಬಂತು. ಅವ್ವನ ಫೋನು ಇಬ್ಬರಿಗೂ ಸೇರಿದ್ದು. ಸತ್ತವರು ಮುಂದಿನವರಿಗೆ ಕೊಡಬೇಕು. ಕೇಳಲು ನ್ಯಾಯವಾಗಿಯೇ ಇತ್ತು. ನಾನು ಐದು ನಿಮಿಷಕ್ಕೆ ಸತ್ತು ಫೋನು ಕೊಡುತ್ತಿದ್ದೆ. ಅವಳು ಸಾಯುತ್ತಲೇ ಇರಲಿಲ್ಲ. ನಾನು ಹೊಸ್ತಿಲೊಳಗೆ ನಿಂತು, ಸಾಯಿ, ಸಾಯಿ ಎಂದು ಮನಸ್ಸಿನಲ್ಲೇ ಅನ್ನುತ್ತಿದ್ದೆ. ಹಿಂದೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ. ಅದು ನಿಂತಿತೆಂದರೆ ನನ್ನ ಪಾಳಿ ಹೋಯಿತು. ಎಷ್ಟೋ ಸಂಜೆ ಅವಳು ಸಾಯುವ ಮೊದಲೇ ಹಿಟ್ಟು ಮುಗಿಯುತ್ತಿತ್ತು. ಇನ್ನಷ್ಟು ಹಿಟ್ಟು ನಾದು ಎಂದು ಅವ್ವನಿಗೆ ಹೇಳಿ ಬೈಸಿಕೊಂಡದ್ದೂ ಉಂಟು.

ಇದಕ್ಕಿಂತ ಉರಿಯುವ ಸಂಗತಿ ಇನ್ನೊಂದಿತ್ತು. ಆ ಫೋನಿನಲ್ಲಿದ್ದ ಹೆಸರು ಒಂದೇ, ನನ್ನದು. ಸುಜಾತಾ ಹೊಡೆದದ್ದೆಲ್ಲ ಗಾಜಿಪದ್ದಿಯ ಖಾತೆಗೆ ಸೇರುತ್ತಿತ್ತು. ಗಾಜಿಪದ್ದಿಯ ದರ್ಜೆ ಏರಿತು. ಗಾಜಿಪದ್ದಿಗೆ ಇನಾಮಿನಲ್ಲಿ ಬೆಳ್ಳಿ ಬಣ್ಣದ ಜಾಕೀಟು ಬಂತು. ಅಣ್ಣನ ಗೆಳೆಯರು ಓಣಿಯಲ್ಲಿ ನನ್ನನ್ನು ನಿಲ್ಲಿಸಿ ಹೊಗಳುತ್ತಿದ್ದರು. “ಏನ್ ಆಡ್ತಿ ಬೇ ಪದ್ದಿ! ನಿನ್ನೆ ಒಬ್ಬಾಕೀನ ನಾಕು ಮಂದಿನ್ನ ಮಲಗಿಸಿದೆಲ್ಲ!” ಅದು ನಾನಲ್ಲ ಎಂದು ನಾನು ಹೇಳಲಿಲ್ಲ. ನಗುತ್ತಾ ನಿಂತೆ. ಮನೆಗೆ ಬಂದು ಅವಳ ಮುಖ ನೋಡಿದರೆ ಮೈಯೆಲ್ಲ ಉರಿ. ನನ್ನ ಹೆಸರಿನ ಮೇಲೆಯೇ ನಾನು ಹೊಟ್ಟೆಕಿಚ್ಚು ಪಡುವಂತೆ ಮಾಡಿದವಳು ಅವಳೊಬ್ಬಳೇ.

ಗಣೇಶನ ಹಬ್ಬದ ಹೊತ್ತಿಗೆ ಅಪ್ಪ ಅಣ್ಣನಿಗೆ ಹೊಸ ಫೋನು ಕೊಡಿಸಿದ. ಮೂಲೆ ಒಡೆದ ಹಳೆಯದು ನಮ್ಮ ಪಾಲಿಗೆ ಬಂತು. ಈಗ ಮೂವರೂ ಒಂದೇ ತಂಡದಲ್ಲಿ ಆಡಬಹುದು; ಕಟ್ಟೆಯ ಕೆಳಗಿನ ಮೆಟ್ಟಿಲಿಗೂ ನೆಟ್‌ವರ್ಕ್ ಎಟಕುತ್ತಿತ್ತು, ಒಬ್ಬರು ಅಲ್ಲಿ ಕೂತರಾಯಿತು. ಆದರೆ ಹಳೆಯ ಫೋನಿನಲ್ಲಿ ಹೊಸ ಖಾತೆ ತೆರೆಯಬೇಕು, ಬನಿಯನ್ನು ಚಡ್ಡಿಯಿಂದ ಶುರು ಮಾಡಬೇಕು. ಬೆಳ್ಳಿಯ ಜಾಕೀಟು, ದರ್ಜೆ, ಹೆಸರು ಎಲ್ಲ ಇದ್ದ ಖಾತೆ ಯಾರಿಗೆ? ಪಡಸಾಲೆಯಲ್ಲಿ ಆ ದಿನ ನಡೆದದ್ದು ಹೊಲದ ಪಾಲಿಗಿಂತ ಕಡಿಮೆ ಜಗಳವೇನಲ್ಲ.

“ಹೆಸರು ನಂದು. ಹಂಗಾದ್ರ ಅದು ನಂದು,” ಅಂದೆ.

“ಹೆಸರು ನಿಂದು, ಆಟ ಆಕಿದು,” ಅಂದ ಅಣ್ಣ. “ನೀ ಆಡಿದ್ದರ ಎಷ್ಟು ಬೇ?”

“ಅವ್ವನ ಫೋನಿನ್ಯಾಗ ಅದ ಅದು. ನಮ್ಮವ್ವ. ಆಕಿ ಅವ್ವ ಅಲ್ಲ.”

ಅಡುಗೆಮನೆಯಲ್ಲಿ ಸಪ್ಪಳ ನಿಂತಿತು. ಸುಜಾತಾ ನೆಲದ ಕಲ್ಲಿನ ಸಂದಿಯನ್ನು ಬೆರಳಿನಿಂದ ಗೀರುತ್ತಾ ಕೂತಿದ್ದಳು. ತಲೆ ಎತ್ತದೆ ಅಂದಳು:

“ಇರ್ಲಿ ಬಿಡಣ್ಣಾ. ನಾ ಹೊಸಾದು ತಗೋತೀನಿ.”

ಅವಳು ಜಗಳವಾಡಿದ್ದರೆ ನಾನು ಗೆದ್ದೆ ಅನ್ನಬಹುದಿತ್ತು. ಅದಕ್ಕೂ ಅವಕಾಶ ಕೊಡಲಿಲ್ಲ. ಅವಳು ಬನಿಯನ್ನಿನಲ್ಲಿ ಬರಿಗಾಲಲ್ಲಿ ದ್ವೀಪಕ್ಕಿಳಿದಳು, ನಾನು ಬೆಳ್ಳಿಯ ಜಾಕೀಟು ತೊಟ್ಟು ಇಳಿದೆ. ಎರಡು ನಿಮಿಷಕ್ಕೆ ನಾನು ಬಿದ್ದೆ. ಆ ಹೊಳೆಯುವ ಜಾಕೀಟು ಅರ್ಧ ಮೈಲಿಯಿಂದ ಕಾಣುತ್ತದೆ ಎಂದು ಆಗಲೇ ನನಗೆ ತಿಳಿದದ್ದು. ಅಣ್ಣ ಇನ್ನು ಓಡಿ ಬರುತ್ತಿರಲಿಲ್ಲ. “ಸುಜಿ, ಆಕಿನ್ನ ನೋಡು,” ಅನ್ನುತ್ತಿದ್ದ. ಅವಳು ಬಂದು ಬಾಜೂಕ ಕೂರುತ್ತಿದ್ದಳು. ಹತ್ತು ಸೆಕೆಂಡು. ಮತ್ತೆ ಬೀಳುತ್ತಿದ್ದೆ, ಮತ್ತೆ ಬರುತ್ತಿದ್ದಳು. ಯಾರನ್ನು ಕಂಡರೆ ಆಗುವುದಿಲ್ಲವೋ ಅವರ ಕೈಯಿಂದ ದಿನಕ್ಕೆ ಆರು ಸಲ ಜೀವದಾನ ಪಡೆಯುವುದು ಎಂಥ ಶಿಕ್ಷೆ ಎಂದು ಅನುಭವಿಸಿದವರಿಗೇ ಗೊತ್ತು.

ದೀಪಾವಳಿಗೆ ಸ್ವಲ್ಪ ಮೊದಲಿನ ಒಂದು ಸಂಜೆ ಪಾಳಿ ತಿರುಗಿತು. ಅಣ್ಣ ದ್ವೀಪದ ಆ ತುದಿಗೆ ಹೋಗಿದ್ದ. ಗುಡ್ಡದ ಮೇಲಿನಿಂದ ಯಾರೋ ಸುಜಾತಾಳಿಗೆ ಹೊಡೆದರು. ಅವಳು ಬಿದ್ದು, ತೆವಳಿಕೊಂಡು, ಕೆಟ್ಟು ನಿಂತ ಟ್ರ್ಯಾಕ್ಟರೊಂದರ ಹಿಂದೆ ನನ್ನ ಹತ್ತಿರ ಬಂದಳು. ಅಣ್ಣ ಕೆಳಗಿನ ಮೆಟ್ಟಿಲ ಮೇಲಿದ್ದ, ಕಟ್ಟೆಯ ಮೇಲೆ ಅವಳ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು.

“ಎಬ್ಬಸು ಪದ್ದಿ.”

ಹೆಬ್ಬೆರಳು ಒತ್ತಿದೆ. ಉಂಗುರ ತುಂಬತೊಡಗಿತು. ನಾಲ್ಕು. ಐದು. ಆರು. ಅವಳ ತಲೆಯ ಮೇಲೆ ಆಟದಲ್ಲೇ ಎಲ್ಲಕ್ಕಿಂತ ಗಟ್ಟಿಯಾದ ಹೆಲ್ಮೆಟ್ಟು ಇತ್ತು. ತನಗೆ ಸಿಕ್ಕ ಅದನ್ನು ಅಣ್ಣ ನೆಲಕ್ಕಿಟ್ಟು ಅವಳನ್ನು ಕೂಗಿ ಕೊಟ್ಟಿದ್ದ. ಏಳಕ್ಕೆ ನಾನು ಬೆರಳು ತೆಗೆದೆ. ತಪ್ಪಿ ತೆಗೆಯಲಿಲ್ಲ, ತೆಗೆಯಬೇಕೆಂದೇ ತೆಗೆದೆ. ಮತ್ತೆ ಹತ್ತು ಎಣಿಸುವಷ್ಟು ರಕ್ತ ಅವಳಲ್ಲಿ ಉಳಿದಿರಲಿಲ್ಲ.

“ಗುಂಡು ಬಂತು,” ಅಂದೆ.

ಯಾವ ಗುಂಡೂ ಬಂದಿರಲಿಲ್ಲ. ಹಂದಿಯ ಸಪ್ಪಳ ಕೇಳುವ ಕಿವಿಗೆ ಅದು ಗೊತ್ತಾಗದೆ ಇರುತ್ತದೆಯೇ? ಆಟದಲ್ಲಿ ಸತ್ತವರ ಸಾಮಾನು ಒಂದು ಪೆಟ್ಟಿಗೆಯಾಗಿ ಉಳಿಯುತ್ತದೆ; ಅವಳದನ್ನು ತೆರೆದು ಹೆಲ್ಮೆಟ್ಟು ಹಾಕಿಕೊಂಡೆ. ಅಣ್ಣ ಆಟ ಮುಗಿಸಿ ಬಂದು ನನ್ನ ಪರದೆ ನೋಡಿದ.

“ಈ ಹೆಲ್ಮೆಟ್ ಎಲ್ಲಿಂದ ಬಂತು? ಆಕಿ ನಿನ್ನ ಬಾಜೂಕ ಬಿದ್ದಿದ್ಲಲ್ಲ?” ಉತ್ತರಕ್ಕೆ ಕಾಯಲಿಲ್ಲ. “ನಾಳಿಂದ ನೀ ನನ್ನ ಜೋಡಿ ಆಡಬ್ಯಾಡ.”

ಮಾರನೆಯ ದಿನ ಭಾನುವಾರ. ಅವ್ವ ಬಟ್ಟೆ ಒಗೆಯುತ್ತಿದ್ದಳು. ನಾನು ಅವಳ ಫೋನು ತೆಗೆದುಕೊಂಡು ಕಟ್ಟೆಗೆ ಹೋಗಿ ಕಾಕಾಗೆ ಹಚ್ಚಿದೆ. ಸುಜಾತಾ ದಿನಾ ಫೋನಿನಲ್ಲೇ ಇರುತ್ತಾಳೆ, ಓದುವುದಿಲ್ಲ, ಇಂಗ್ಲಿಷಿನಲ್ಲಿ ಇಪ್ಪತ್ತೈದಕ್ಕೆ ಒಂಬತ್ತು ಬಂದಿದೆ ಎಂದೆ. ಒಂಬತ್ತು ಬಂದದ್ದು ಖರೆ. ಉಳಿದ ಐದು ವಿಷಯಗಳಲ್ಲಿ ಅವಳಿಗೆ ನನಗಿಂತ ಹೆಚ್ಚು ಬಂದಿತ್ತು, ವಿಜ್ಞಾನದಲ್ಲಿ ತರಗತಿಗೇ ಮೊದಲು. ಅದನ್ನು ಹೇಳಲಿಲ್ಲ.

“ನಾ ಹೇಳೀನಿ ಅಂತ ಯಾರಿಗೂ ಹೇಳಬ್ಯಾಡ್ರಿ ಕಾಕಾ.”

“ಇಲ್ಲವ್ವ,” ಅಂದ. ಆಡಿದ ಮಾತು ತಪ್ಪುವ ಮನುಷ್ಯ ಅಲ್ಲ ಅವನು.

ಸೋಮವಾರ ಮೊದಲ ಬಸ್ಸಿಗೇ ಬಂದ. ಚಹಾ ಮುಟ್ಟಲಿಲ್ಲ. ಅಪ್ಪ ಡಿಪೋಗೆ ಹೊರಟವನು ಹಾಗೇ ನಿಂತ.

“ಮಂದಿ ಮನ್ಯಾಗ ಇಟ್ಟು ಮಗಳ್ನ ಕೆಡಸಾಕ ನನಗ ಮನಸ್ಸಿಲ್ಲಣ್ಣಾ. ನನ್ನ ಕಣ್ಣ ಮುಂದ ಅರ್ಧ ತಾಸು ಆಡಿದ್ರ ಆಡ್ಲಿ. ಇಲ್ಲಿ ಯಾರಿಗ ಏನು ಅನ್ನಾಕ ಬರ್ತದ?”

“ಮಂದಿ ಮನಿ ಏನೋ ಇದು?” ಅಪ್ಪನ ದನಿ ಒಡೆದಿತ್ತು. “ನಿನಗ ಇದು ಮಂದಿ ಮನಿ ಆತೇನು?”

ಸುಜಾತಾ ಕತ್ತಲೆ ಕೋಣೆಯಲ್ಲಿ ಟ್ರಂಕು ತುಂಬುತ್ತಿದ್ದಳು. ವಿಜ್ಞಾನದ ಪುಸ್ತಕ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತಳು, ಅದನ್ನು ಎಲ್ಲದಕ್ಕಿಂತ ಕೆಳಗೆ ಇಟ್ಟಳು. ಅಳಲಿಲ್ಲ. ಹೋಗುವಾಗ ಅವ್ವನ ಕಾಲು ಮುಟ್ಟಿ, “ದೊಡ್ಡವ್ವ, ಸಾಲಿಗಿ ಹೋಗಿ ಮೇಡಂಗ ಹೇಳ್ತೀರೇನ್ರಿ?” ಅಂದಳು. ನನ್ನ ಕಡೆ ನೋಡಲಿಲ್ಲ. ಚಾಡಿ ಹೇಳಿದವಳು ಎದುರು ಮನೆಯವಳೇ ಎಂದು ಅವ್ವ ಸಂಶಯಪಟ್ಟು ಎರಡು ತಿಂಗಳು ಅವಳೊಂದಿಗೆ ಮಾತು ಬಿಟ್ಟಳು. ನಾನು ಸುಮ್ಮನಿದ್ದೆ. ಕೂಲರಿನ ಎದುರಿನ ಜಾಗ ನನಗೆ ಬಂತು, ಆದರೆ ಅಷ್ಟೊತ್ತಿಗೆ ಚಳಿಗಾಲ ಶುರುವಾಗಿತ್ತು.

ಒಂದು ವಾರ ಕಟ್ಟೆ ಖಾಲಿ ಇತ್ತು. ಅಣ್ಣ ನನ್ನನ್ನು ಕರೆದೇ ಕರೆಯುತ್ತಾನೆ ಎಂದು ಐದೂವರೆಗೆ ಮುಖ ತೊಳೆದು ಕಾಯುತ್ತಿದ್ದೆ. ಎಂಟನೆಯ ದಿನ ಅವನು ಬಂದು ಕೂತ, ಕಿವಿಗೆ ಇಯರ್‌ಫೋನ್ ಹಾಕಿಕೊಂಡ, ಸ್ವಲ್ಪ ಹೊತ್ತಿಗೆ ನಕ್ಕ. “ಹೌದಾ ಸುಜಿ? ಮತ್ತ ಕಾಕಾ ಏನಂದ?” ಕಮಲಾಪುರದಲ್ಲಿ ಕಾಕಾ ತನ್ನ ಮಾತಿನಂತೆ ದಿನಾ ಅರ್ಧ ತಾಸು ಫೋನು ಕೊಡುತ್ತಿದ್ದ. ಈ ಆಟಕ್ಕೆ ಮನೆ ಯಾವುದಾದರೇನು, ಊರು ಯಾವುದಾದರೇನು? ಅವಳನ್ನು ಮನೆಯಿಂದ ಕಳಿಸಿದ್ದೆ, ದ್ವೀಪದಿಂದ ಕಳಿಸಲು ನನ್ನಿಂದ ಆಗುವಂತಿರಲಿಲ್ಲ. ಮೊದಲಾದರೆ ಹೊಸ್ತಿಲೊಳಗೆ ನಿಂತು ಅವರ ಮಾತು ಕೇಳುತ್ತಿದ್ದೆ, ಬೈದುಕೊಳ್ಳುತ್ತಿದ್ದೆ. ಈಗ ಅವಳ ದನಿ ಅವನ ಕಿವಿಯೊಳಗೇ ಉಳಿಯುತ್ತಿತ್ತು. ಅವನ ನಗು ಮಾತ್ರ ನನಗೆ. ಹೊಟ್ಟೆಕಿಚ್ಚು ಅಂದರೆ ಏನೆಂದು ಆ ಚಳಿಗಾಲದಲ್ಲಿ ಪೂರ್ತಿ ಕಲಿತೆ.

ಮಾರ್ಚಿನ ಒಂದು ಸಂಜೆ ಅವರ ಆಟ ಅರ್ಧಕ್ಕೆ ಬಂದಿದ್ದಾಗ ಓಣಿಯಲ್ಲಿ ಕೂಗು ಎದ್ದಿತು: “ನೀರು ಬಂದಾವ!” ನಮ್ಮಲ್ಲಿ ಆಗ ನಾಲ್ಕೈದು ದಿನಕ್ಕೊಮ್ಮೆ ನಳ ಬರುತ್ತಿತ್ತು, ಕೊಡ ಹಚ್ಚದಿದ್ದರೆ ಅವ್ವ ಮನೆಯಲ್ಲಿ ಇರಗೊಡುತ್ತಿರಲಿಲ್ಲ. ಆಟ ಬಿಟ್ಟು ಎದ್ದರೆ ಅವಮಾನ, ಏಳದಿದ್ದರೆ ಅವ್ವ. ಅಣ್ಣ ಅತ್ತಿತ್ತ ನೋಡಿದ. ಇದ್ದವಳು ನಾನೊಬ್ಬಳೇ. ಇಯರ್‌ಫೋನ್ ಸಮೇತ ಫೋನು ನನ್ನ ಮಡಿಲಿಗೆ ಹಾಕಿದ.

“ಹಿಡಿ. ಒಟ್ಟ ಸಾಯಬ್ಯಾಡ.”

ಅವನ ಹೆಸರಿನಲ್ಲಿ, ಅವನ ಬಟ್ಟೆಯಲ್ಲಿ ಆಡತೊಡಗಿದೆ. ಬಾಯಿ ಬಿಡಲಿಲ್ಲ. ಬಯಲಲ್ಲಿ ಓಡಿದೆ. ಬಿದ್ದೆ. ಕಿವಿಯೊಳಗೆ ಅವಳ ದನಿ, ಐದು ತಿಂಗಳ ಮೇಲೆ.

“ಪದ್ದಿ, ನೀನ ಏನ?”

ನಾನು ಇಯರ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

“ಹಿಂಗ ನಟ್ಟ ನಡು ಬಯಲಾಗ ಓಡಾಕಿ ನೀನ ಒಬ್ಬಾಕಿ. ಗ್ವಾಡಿ ಹಿಂದ ತೆವಳಕೋತ ಬಾ. ಬರಾಕತ್ತೀನಿ.”

ಬಂದಳು. ಇನ್ನೂ ಅದೇ ಬನಿಯನ್ನು. ಬಾಜೂಕ ಕೂತಳು. ಉಂಗುರ ತುಂಬತೊಡಗಿತು.

“ಅಪ್ಪ ನನ್ನ ಕೇಳಿದ್ದು ಇಂಗ್ಲಿಷ್ ಒಂದ,” ಅಂದಳು. “ಉಳಿದ ಐದು ಕೇಳಲೇ ಇಲ್ಲ. ನನ್ನ ಮಾರ್ಕ್ಸ್ ಪೂರಾ ಗೊತ್ತಿದ್ದಾಕಿ ಆ ಮನ್ಯಾಗ ನೀ ಒಬ್ಬಾಕಿ ಇದ್ದಿ. ಫೋನ್ ಮಾಡಿದಾಕಿ ನೀನ ಹೌದಿಲ್ಲ?”

ನಾಲ್ಕು. ಐದು. ಇಲ್ಲ ಅನ್ನಬಹುದಿತ್ತು. ಅಣ್ಣ ದೂರದಲ್ಲಿ ಕೊಡ ತುಂಬುತ್ತಿದ್ದ, ಕೇಳುವವರು ಯಾರೂ ಇರಲಿಲ್ಲ. ಆದರೆ ಅವಳ ಹೆಬ್ಬೆರಳು ನನಗಾಗಿ ಒತ್ತಿಕೊಂಡಿದ್ದಾಗ ಸುಳ್ಳು ಬಾಯಿಗೆ ಬರಲಿಲ್ಲ.

“ಹೂಂ,” ಅಂದೆ.

ಏಳು. ನಾನು ಕಣ್ಣು ಮುಚ್ಚಿದೆ. ಏಳಕ್ಕೆ ತೆಗೆಯುತ್ತಾಳೆ ಎಂದು ನನಗೆ ಗೊತ್ತಿತ್ತು, ನಾನಾಗಿದ್ದರೆ ತೆಗೆಯುತ್ತಿದ್ದೆ. ತೆಗೆಯಲಿ ಎಂದೂ ಅನ್ನಿಸಿತು, ಆಗ ಸರಿಹೋಗುತ್ತಿತ್ತು. ಕಣ್ಣು ತೆರೆದಾಗ ನಾನು ಎದ್ದು ನಿಂತಿದ್ದೆ. ನನ್ನ ಕಾಲ ಬಳಿ ಔಷಧದ ಡಬ್ಬಿ ಬಿದ್ದಿತ್ತು, ಅವಳಲ್ಲಿದ್ದದ್ದು ಎರಡೇ.

“ಇಲ್ಲಿ ಸಾಲ್ಯಾಗ ಲ್ಯಾಬ್ ಇಲ್ಲ,” ಅಂದಳು. ಅಷ್ಟೇ ಅಂದಳು. ಅದರಲ್ಲಿ ಸಿಟ್ಟೂ ಇರಲಿಲ್ಲ. ಆಗಲೂ ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚೇ. ಬೆರಳು ತೆಗೆಯದೆ ಇರುವುದು ಇವಳಿಗೆ ಹೇಗೆ ಇಷ್ಟು ಸುಲಭ ಎಂದು. ಆಮೇಲೆ ಅಳು ಬಂತು. ಅಣ್ಣ ಬಂದು ಫೋನು ಕಸಿದುಕೊಂಡು, “ಸತ್ತೇನು?” ಅಂದ. “ಇಲ್ಲ, ಎಬ್ಬಿಸಿದ್ಲು,” ಅಂದೆ.

ಕಾಕಾಗೆ ಫೋನು ಮಾಡೋಣವೆಂದು ಎರಡು ಸಲ ಅವ್ವನ ಫೋನು ಎತ್ತಿ ಇಟ್ಟೆ. ದೂರ ನಿಂತು ಎಬ್ಬಿಸಲು ಬರುವುದಿಲ್ಲ ಎಂದು ನನಗೆ ಕಲಿಸಿದ್ದಾಗಿತ್ತು. ಮುಂದಿನ ಭಾನುವಾರ ಅಪ್ಪನಿಗೆ ದುಂಬಾಲು ಬಿದ್ದು ಕಮಲಾಪುರಕ್ಕೆ ಹೋದೆ. ಅಣ್ಣತಮ್ಮಂದಿರ ನಡುವೆ ದೀಪಾವಳಿಯಿಂದ ಮಾತಿರಲಿಲ್ಲ. ಬಸ್ಸಿನಲ್ಲಿ ಅಪ್ಪ ಕಿಟಕಿಯ ಹೊರಗೇ ನೋಡುತ್ತಿದ್ದ. ಕಾಕಾ ತೋಟದಲ್ಲಿ ಗೊನೆಗಳಿಗೆ ಆಸರೆ ಕಟ್ಟುತ್ತಿದ್ದ. ಕೆಂಪು ಬಾಳೆಯ ಗಿಡಗಳು ಅವನ ಎರಡಾಳು ಎತ್ತರ. ನಾನು ಹೋಗಿ ಅವನ ಮುಂದೆ ನಿಂತೆ.

“ಕಾಕಾ, ನಾ ಇಂಗ್ಲಿಷ್ ಒಂದ ಹೇಳಿದ್ದೆ. ಉಳಿದದ್ದರಾಗ ಆಕಿ ನನಗಿಂತ ಮುಂದ ಇದ್ಲು. ವಿಜ್ಞಾನದಾಗ ಪೈಲಾ ಬಂದಿದ್ಲು. ನನಗ ಹೊಟ್ಟಿಕಿಚ್ಚಿತ್ತು. ಅದಕ್ಕ ಫೋನ್ ಮಾಡಿದ್ದೆ.”

ಅಪ್ಪ ನನ್ನ ಹಿಂದೆಯೇ ನಿಂತಿದ್ದ. ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಕಾಕಾ ಕೈಯಲ್ಲಿದ್ದ ಹಗ್ಗವನ್ನು ಗಿಡಕ್ಕೆ ಸುತ್ತಿ ಗಂಟು ಹಾಕಿ ಮುಗಿಸಿದ.

“ಇದನ್ನ ಫೋನಿನ್ಯಾಗ ಹೇಳಬಹುದಿತ್ತಲ್ಲವ್ವ.”

“ಇಲ್ಲ ಕಾಕಾ. ಬರಬೇಕಿತ್ತು.”

ಅವನು ಅಪ್ಪನ ಕಡೆ ನೋಡಿದ. ಅಪ್ಪ ಮುಂದೆ ಬಂದು ಅಂದ: “ಜೂನ್‌ಕ್ಕ ಕಳಸ್ತಿ ಏನೋ? ಮಂದಿ ಮನಿ ಅಲ್ಲ ಅದು.” ಕಾಕಾ ಒಂದು ಗೊನೆ ಕೊಯ್ದು ಅಪ್ಪನ ಹೆಗಲ ಮೇಲೆ ಇಟ್ಟ. ಸುಜಾತಾ ಬದುವಿನ ಮೇಲೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ಒಂದು ಹಣ್ಣು ಸುಲಿದು ಅರ್ಧ ನನಗೆ ಕೊಟ್ಟ. ಮಾತು ಮಾತ್ರ ಎರಡು ದಿನ ಆಡಲಿಲ್ಲ.

ಈಗ ಸುಜಾತಾ ಎಲುಬಿನ ಡಾಕ್ಟರಾಗಲು ಓದುತ್ತಿದ್ದಾಳೆ, ಅವಳ ಫೋಟೊ ಅಪ್ಪನ ಫೋನಿನ ಮುಖದ ಮೇಲಿದೆ, ನನ್ನದಲ್ಲ. ಆ ಸಂಗತಿ ಬೇರೆ. ನಾನು ಹೇಳಹೊರಟದ್ದು ಕಾಕಾ ಒಪ್ಪಿ ಕಳಿಸಿದ ಆ ಜೂನ್‌ನ ಮೊದಲ ಸಂಜೆಯದು. ಅದೇ ಟ್ರಂಕು, ಅದೇ ಕೆಂಪು ಬಾಳೆಯೊಂದಿಗೆ ಅವಳು ಮತ್ತೆ ಬಂದಳು. ಅವ್ವ ಮೊದಲ ರೊಟ್ಟಿ ಅವಳ ತಾಟಿಗೇ ಹಾಕುತ್ತಾಳೆ ಎಂದು ನನಗೆ ಆಗಲೇ ಗೊತ್ತಿತ್ತು. ಐದೂವರೆಗೆ ಅವಳೂ ಅಣ್ಣನೂ ಕಟ್ಟೆಯ ಮೇಲೆ ಕೂತರು. ನಾನು ಕೆಳಗಿನ ಮೆಟ್ಟಿಲ ಮೇಲೆ. ಬೆಳ್ಳಿಯ ಜಾಕೀಟಿನ ಖಾತೆಯನ್ನು ಅವಳ ಕೈಗಿತ್ತು, ನಾನು ಬನಿಯನ್ನಿನಲ್ಲಿ ಇಳಿದೆ. ಎರಡು ನಿಮಿಷಕ್ಕೆ ಬಿದ್ದೆ. ಬನಿಯನ್ನಿನಲ್ಲೂ ಬೀಳುತ್ತೇನೆ ಎಂದು ಗೊತ್ತಾಯಿತು.

“ಬರಾಕತ್ತೀನಿ,” ಅಂದಳು ಸುಜಾತಾ.

ಅಣ್ಣ ಅವಳ ಆಟ ನೋಡಿ ಶಹಬ್ಬಾಸ್ ಅಂದ. ನನಗೆ ಮತ್ತೆ ಹೊಟ್ಟೆ ಉರಿಯಿತು, ಮೊದಲಿನಷ್ಟೇ. ಉರಿಯುವ ಹೊಟ್ಟೆಯಲ್ಲೇ ಗೋಡೆಯ ಹಿಂದಕ್ಕೆ ತೆವಳಿ ಹೋಗಿ, ಅವಳು ಬರುವುದನ್ನು ಕಾಯುತ್ತಾ ಕೂತೆ.